ಆಟಿಕೆ ಇಟ್ಟಿಗೆ ಮತ್ತು ಯುದ್ಧದ ಟ್ಯಾಂಕು

2020ರ ಆಗಸ್ಟ್ 1ರಂದು ಹಲವು ದೇಶಗಳ ಆಟಿಕೆ ಅಂಗಡಿಗಳಿಗೆ ಹೊಸ ಪೆಟ್ಟಿಗೆಯೊಂದು ಬರಬೇಕಿತ್ತು. ಡೆನ್ಮಾರ್ಕಿನ ಲೆಗೊ ಕಂಪನಿ ಸಿದ್ಧಪಡಿಸಿದ್ದ ಆ ಪೆಟ್ಟಿಗೆಯಲ್ಲಿದ್ದ ಪ್ಲಾಸ್ಟಿಕ್ ತುಂಡುಗಳನ್ನು ಒಂದಕ್ಕೊಂದು ಜೋಡಿಸಿದರೆ ಅಮೆರಿಕದ ವಿ-22 ಆಸ್‌ಪ್ರೇ ವಿಮಾನದ ಮಾದರಿ ತಯಾರಾಗುತ್ತಿತ್ತು. ಹೆಲಿಕಾಪ್ಟರಿನಂತೆ ನೆಟ್ಟಗೆ ಮೇಲೆದ್ದು, ಬಳಿಕ ರೆಕ್ಕೆಯ ತುದಿಯಲ್ಲಿರುವ ಪಂಕಗಳನ್ನು ಮುಂದಕ್ಕೆ ಬಾಗಿಸಿಕೊಂಡು ವಿಮಾನದಂತೆ ಹಾರುವ ಯಂತ್ರ ಅದು. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಬಂದೂಕಿರಲಿಲ್ಲ, ಕ್ಷಿಪಣಿಯಿರಲಿಲ್ಲ. ಅಪಾಯದಲ್ಲಿ ಸಿಲುಕಿದವರನ್ನು ಹುಡುಕಿ ರಕ್ಷಿಸುವ ವಿಮಾನ ಎಂದೇ ಅದನ್ನು ತೋರಿಸಲಾಗಿತ್ತು.

ಆದರೂ ಬಿಡುಗಡೆಗೆ ಕೆಲವೇ ದಿನಗಳಿರುವಾಗ ಕಂಪನಿ ಆ ಪೆಟ್ಟಿಗೆಯನ್ನು ಹಿಂದಕ್ಕೆ ಪಡೆಯಿತು. ಜರ್ಮನಿಯ ಶಾಂತಿವಾದಿ ಸಂಘಟನೆಯೊಂದು ಪ್ರತಿಭಟಿಸಿತ್ತು. 1892ರಲ್ಲಿ ಬರ್ತಾ ಫಾನ್ ಸುಟ್ನರ್ ಮತ್ತು ಆಲ್ಫ್ರೆಡ್ ಫ್ರೀಡ್ ಸ್ಥಾಪಿಸಿದ ಶಾಂತಿ ಸಂಘದ ಪರಂಪರೆಗೆ ಸೇರಿದ ಸಂಘಟನೆ ಅದು. ಆಸ್‌ಪ್ರೇ ವಿಮಾನವನ್ನು ಸೈನ್ಯಗಳಲ್ಲದೆ ಬೇರೆ ಯಾರೂ ಬಳಸುವುದಿಲ್ಲ, ನಿಜವಾದ ಯುದ್ಧ ವಾಹನಗಳ ಮಾದರಿ ಮಾಡುವುದಿಲ್ಲ ಎಂದು ಕಂಪನಿಯೇ ನಿಯಮ ಮಾಡಿಕೊಂಡಿದೆಯಲ್ಲ ಎಂದು ಅದು ಕೇಳಿತು. ಕಂಪನಿ ಒಪ್ಪಿಕೊಂಡಿತು. ಅಷ್ಟರಲ್ಲಿ ಕೆಲವು ಅಂಗಡಿಗಳಿಂದ ಮಾರಾಟವಾಗಿಹೋಗಿದ್ದ ಪೆಟ್ಟಿಗೆಗಳು ಸಂಗ್ರಾಹಕರಿಗೆ ಅಪರೂಪದ ವಸ್ತುಗಳಾದವು.

ಇದೇ ಕಾಲದಲ್ಲಿ ಯೂರೋಪ್, ಅಮೆರಿಕಗಳ ಸಾವಿರಾರು ಮನೆಗಳ ಕಪಾಟಿನಲ್ಲಿ ಇದೇ ಬಗೆಯ ಇಟ್ಟಿಗೆಗಳಿಂದ ಕಟ್ಟಿದ ಟ್ಯಾಂಕುಗಳು, ಬಾಂಬರ್ ವಿಮಾನಗಳು, ಯುದ್ಧನೌಕೆಗಳು ನಿಂತಿದ್ದವು. ಮಕ್ಕಳಷ್ಟೇ ಅಲ್ಲ, ನಲವತ್ತು ಐವತ್ತು ವಯಸ್ಸಿನವರೂ ಅವನ್ನು ಕಟ್ಟುತ್ತಾರೆ. ತಯಾರಕ ಬೇಡವೆಂದ ವಸ್ತುವನ್ನು ಅವನದೇ ಇಟ್ಟಿಗೆಯಿಂದ ಬಳಸುವವರು ಕಟ್ಟಿದ್ದು ಹೇಗೆ? ಆಟಿಕೆ ಮಾಡುವವನು ಮಗುವಿನ ಆಟಕ್ಕೆ ಎಷ್ಟರಮಟ್ಟಿಗೆ ಗೆರೆ ಎಳೆಯಬಲ್ಲ? ಈ ಪುಟ್ಟ ಇಟ್ಟಿಗೆಯ ಚರಿತ್ರೆಯಲ್ಲಿ ಈ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗುತ್ತವೆ.

ಆಟಿಕೆ ಕಾರ್ಖಾನೆಯಲ್ಲಿ ಬಂದೂಕು

ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಇಂಥ ಪ್ರಶ್ನೆ ಕೇಳಿದವರು ಕಡಿಮೆ. ತವರದ ಸೈನಿಕರು, ತಗಡಿನ ಫಿರಂಗಿ, ಮರದ ಬಂದೂಕು ಹುಡುಗರ ಮಾಮೂಲಿ ಆಟದ ಸಾಮಾನುಗಳಾಗಿದ್ದವು. ಬ್ರಿಟನ್ನಿನಲ್ಲಿ ‘ಫ್ರಾಗ್’ ಎಂಬ ಹೆಸರಿನಲ್ಲಿ 1936ರಲ್ಲಿ ಪ್ಲಾಸ್ಟಿಕ್ ವಿಮಾನಗಳ ಜೋಡಣೆ ಪೆಟ್ಟಿಗೆಗಳು ಬಂದವು. ಅವುಗಳಲ್ಲಿ ಯುದ್ಧವಿಮಾನಗಳಿಗೆ ದೊಡ್ಡ ಪಾಲಿತ್ತು.

ಯುದ್ಧ ಶುರುವಾದ ಮೇಲೆ ಆಟಿಕೆಗೂ ಆಯುಧಕ್ಕೂ ನಡುವಿನ ಗೋಡೆ ಇನ್ನೂ ತೆಳುವಾಯಿತು. 1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾ ಮಕ್ಕಳಿಗೆ ಒಂದು ಕರೆ ಕೊಟ್ಟಿತು. 50 ಬಗೆಯ ವಿಮಾನಗಳ ಮರದ ಮಾದರಿಗಳು, ಒಂದೊಂದು ಬಗೆಗೆ 10,000ದಂತೆ, ಒಟ್ಟು 5 ಲಕ್ಷ ಬೇಕು ಎಂಬುದು ಆ ಕರೆ. ಶತ್ರು ವಿಮಾನ ಯಾವುದು, ತಮ್ಮ ವಿಮಾನ ಯಾವುದು ಎಂದು ನೋಡಿದ ಕ್ಷಣದಲ್ಲೇ ಗುರುತಿಸಲು ಸೈನಿಕರನ್ನು ಪಳಗಿಸುವುದಕ್ಕೆ ಅವು ಬೇಕಾಗಿದ್ದವು. ನಿಜವಾದ ವಿಮಾನದ 72ನೆಯ ಒಂದು ಪಾಲಿನ ಅಳತೆಯಲ್ಲಿ ಕೆತ್ತಿದ ಮಾದರಿಯನ್ನು 35 ಅಡಿ ದೂರ ಹಿಡಿದರೆ, ಸುಮಾರು ಅರ್ಧ ಮೈಲಿ ಆಚೆ ಹಾರುತ್ತಿರುವ ವಿಮಾನ ಹೇಗೆ ಕಾಣುತ್ತದೋ ಹಾಗೆ ಕಾಣುತ್ತದೆ. ಶಾಲೆಯ ಮರಗೆಲಸದ ಕೋಣೆಗಳಲ್ಲಿ ಮಕ್ಕಳು ಈ ಮಾದರಿಗಳನ್ನು ಕೆತ್ತಿ, ಉಜ್ಜಿ, ಕಪ್ಪು ಬಣ್ಣ ಬಳಿದು ಕಳಿಸಿದರು.

ಬ್ರಿಟನ್ನಿನಲ್ಲಿ ಇದು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿನ ದೊಡ್ಡ ಆಟಿಕೆ ಕಂಪನಿ ಲೈನ್ಸ್ ಬ್ರದರ್ಸ್ ಯುದ್ಧದ ಕಾಲದಲ್ಲಿ ಸ್ಟೆನ್ ಗನ್ ತಯಾರಿಸಿತು. ತಗಡನ್ನು ಒತ್ತಿ, ಬಗ್ಗಿಸಿ, ಬೆಸೆದು ಅಗ್ಗವಾಗಿ ಮಾಡಬಹುದಾದ ಬಂದೂಕು ಅದು. ಆಟಿಕೆ ಮೋಟಾರು ಮಾಡಿ ಪಳಗಿದ ಕಾರ್ಖಾನೆಗೆ ಆ ಕೆಲಸ ಹೊಸದಾಗಿರಲಿಲ್ಲ.

ಬಿಲುಂಡ್‌ನ ಬಡಗಿ

ಇದೇ ಕಾಲದಲ್ಲಿ ಡೆನ್ಮಾರ್ಕಿನ ಜಟ್ಲೆಂಡ್ ಪ್ರಾಂತದ ಬಿಲುಂಡ್ ಎಂಬ ಹಳ್ಳಿಯಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಎಂಬ ಬಡಗಿ ಇದ್ದ. 1916ರಲ್ಲಿ ಅವನು ಅಲ್ಲಿ ಮರಗೆಲಸದ ಕಾರ್ಖಾನೆ ಕೊಂಡಿದ್ದ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಮನೆ ಕಟ್ಟಿಸುವವರೇ ಇಲ್ಲದಂತಾದಾಗ ಏಣಿ, ಇಸ್ತ್ರಿ ಹಲಗೆ ಮಾಡಿ ನೋಡಿದ. 1932ರಲ್ಲಿ ಮರದ ಆಟಿಕೆಗೆ ಕೈ ಹಾಕಿದ. ಹೆಂಡತಿ ತೀರಿಕೊಂಡು ನಾಲ್ಕು ಗಂಡುಮಕ್ಕಳ ಹೊಣೆ ಹೆಗಲಿಗೆ ಬಿದ್ದದ್ದೂ ಅದೇ ವರ್ಷ. 1934ರಲ್ಲಿ ಕಂಪನಿಗೆ ‘ಲೆಗೊ’ ಎಂದು ಹೆಸರಿಟ್ಟ. ಡೇನಿಷ್ ಭಾಷೆಯಲ್ಲಿ ‘ಚೆನ್ನಾಗಿ ಆಡು’ ಎಂಬ ಅರ್ಥದ ‘ಲೈ ಗೊತ್’ ಎಂಬ ಎರಡು ಪದಗಳನ್ನು ಕೂಡಿಸಿದ ಹೆಸರು ಅದು.

1940ರ ಏಪ್ರಿಲ್ 9ರಂದು ಜರ್ಮನ್ ಸೈನ್ಯ ಡೆನ್ಮಾರ್ಕಿಗೆ ನುಗ್ಗಿತು. 1945ರ ಮೇ 5ರವರೆಗೆ ದೇಶ ಅದರ ಹಿಡಿತದಲ್ಲಿತ್ತು. ನಡುವೆ, 1942ರಲ್ಲಿ, ಕಾರ್ಖಾನೆಗೆ ಬೆಂಕಿ ಬಿದ್ದು ಎಲ್ಲವೂ ಸುಟ್ಟುಹೋಯಿತು. ಓಲೆ ಕಿರ್ಕ್ ಮತ್ತೆ ಕಟ್ಟಿದ.

ಇಂಥ ಅನುಭವದಿಂದ ಬಂದವನು ಮೊದಲಿನಿಂದಲೇ ಯುದ್ಧದ ಆಟಿಕೆಯನ್ನು ದೂರ ಇಟ್ಟ ಎಂದು ಹೇಳಿದರೆ ಕಥೆ ಚೆಂದವಾಗಿರುತ್ತದೆ. ನಡೆದದ್ದು ಹಾಗಲ್ಲ. ಯುದ್ಧ ಮುಗಿದ 1945ರ ಹೊತ್ತಿಗೆ ಬಿಲುಂಡ್‌ನ ಕಾರ್ಖಾನೆ ಮರದ ಆಟಿಕೆ ಪಿಸ್ತೂಲು ಮಾಡಿತು. ಅದರ ಹೆಸರು ‘ಶಾಂತಿ ಪಿಸ್ತೂಲು’. ಕೆಲವು ವರ್ಷಗಳ ನಂತರ ಅದು ಪ್ಲಾಸ್ಟಿಕ್ಕಿನಲ್ಲೂ ಬಂತು. ದೇಶ ಬಿಡುಗಡೆಯಾದ ಸಂಭ್ರಮ, ಹುಡುಗರ ಬೇಡಿಕೆ, ಎರಡೂ ಆ ಹೆಸರಿನಲ್ಲಿ ಸೇರಿಕೊಂಡಂತಿದೆ. ಯುದ್ಧದ ಆಟಿಕೆ ಬೇಡವೆಂಬ ನಿಲುವು ಹುಟ್ಟಿದ್ದು ಆಮೇಲೆ.

ಇಟ್ಟಿಗೆ ಹಿಡಿದುಕೊಂಡದ್ದು ಹೇಗೆ

1946ರಲ್ಲಿ ಓಲೆ ಕಿರ್ಕ್ ಪ್ಲಾಸ್ಟಿಕ್ ಕರಗಿಸಿ ಅಚ್ಚಿಗೆ ತುಂಬುವ ಬ್ರಿಟಿಷ್ ಯಂತ್ರವೊಂದನ್ನು ಕೊಂಡ. ಬ್ರಿಟನ್ನಿನ ಕಿಡ್ಡಿಕ್ರಾಫ್ಟ್ ಕಂಪನಿಯ ಹಿಲರಿ ಫಿಶರ್ ಪೇಜ್ ಎಂಬಾತ ಆಗಲೇ ಒಂದರ ಮೇಲೊಂದು ಕೂರುವ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ರೂಪಿಸಿದ್ದ. ಅವುಗಳ ಮಾದರಿ ಬಿಲುಂಡ್‌ಗೂ ಬಂತು. ಅದನ್ನು ಆಧಾರವಾಗಿಟ್ಟುಕೊಂಡು, ಅಲ್ಪಸ್ವಲ್ಪ ಬದಲಿಸಿ, 1949ರಲ್ಲಿ ಲೆಗೊ ತನ್ನ ಇಟ್ಟಿಗೆಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಇಂದು ಲೆಗೊ ಹೆಸರಿನೊಂದಿಗೆ ಅಂಟಿಕೊಂಡಿರುವ ಇಟ್ಟಿಗೆಯ ಮೂಲ ಬೇರೆಯವನ ತಲೆಯಲ್ಲಿ ಹುಟ್ಟಿದ್ದು. ಕಿಡ್ಡಿಕ್ರಾಫ್ಟ್ ಇಟ್ಟಿಗೆಯ ಹಕ್ಕುಗಳನ್ನು ಲೆಗೊ ಕೊಂಡುಕೊಂಡದ್ದು 1981ರಲ್ಲಿ.

ಮೊದಲ ಇಟ್ಟಿಗೆಗಳಲ್ಲಿ ಒಂದು ಕೊರತೆಯಿತ್ತು. ಮೇಲ್ಭಾಗದಲ್ಲಿ ಅಂಗಿಯ ಗುಂಡಿಯಂಥ ಉಬ್ಬುಗಳಿದ್ದವು, ಆದರೆ ತಳ ಬರೀ ಟೊಳ್ಳು. ಹೀಗಾಗಿ ಒಂದಕ್ಕೊಂದು ಬಿಗಿಯಾಗಿ ಹಿಡಿಯುತ್ತಿರಲಿಲ್ಲ. ಕಟ್ಟಿದ್ದನ್ನು ಎತ್ತಿದರೆ ಕಳಚಿ ಬೀಳುತ್ತಿತ್ತು. ಓಲೆ ಕಿರ್ಕ್‌ನ ಮಗ ಗಾಟ್‌ಫ್ರೆಡ್ ಇದಕ್ಕೆ ಪರಿಹಾರ ಕಂಡುಕೊಂಡ. ಟೊಳ್ಳಿನೊಳಗೆ ಕೊಳವೆಗಳನ್ನಿಟ್ಟರೆ ಕೆಳಗಿನ ಇಟ್ಟಿಗೆಯ ಉಬ್ಬು ಗೋಡೆಗೂ ಕೊಳವೆಗೂ ನಡುವೆ ಸಿಕ್ಕಿಕೊಂಡು ಬಿಗಿಯಾಗಿ ನಿಲ್ಲುತ್ತದೆ. ಆದರೂ ಮಗು ಎಳೆದರೆ ಬಿಡಿಸಿಕೊಳ್ಳುತ್ತದೆ. 1958ರ ಜನವರಿ 28ರ ಮಧ್ಯಾಹ್ನ 1 ಗಂಟೆ 58 ನಿಮಿಷಕ್ಕೆ ಕೋಪನ್‌ಹೇಗನ್‌ನಲ್ಲಿ ಇದರ ಪೇಟೆಂಟ್ ಅರ್ಜಿ ಸಲ್ಲಿಕೆಯಾಯಿತು. ಅದೇ ವರ್ಷ ಓಲೆ ಕಿರ್ಕ್ ತೀರಿಕೊಂಡ.

ಈ ಕೊಳವೆಯಿಂದಾಗಿ ಇಟ್ಟಿಗೆಗೆ ಹೊಸ ಸಾಮರ್ಥ್ಯ ಬಂತು. ಗೋಡೆಯಷ್ಟೇ ಅಲ್ಲ, ಮುಂದಕ್ಕೆ ಚಾಚಿದ ರೆಕ್ಕೆ, ಫಿರಂಗಿಯ ಕೊಳವೆ, ತಿರುಗುವ ಗೋಪುರ ಎಲ್ಲವೂ ಸಾಧ್ಯವಾದವು. ಎಂಟು ಉಬ್ಬಿನ ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು 24 ರೀತಿಯಲ್ಲಿ ಜೋಡಿಸಬಹುದು. ಮೂರಿದ್ದರೆ 1,060 ರೀತಿ. ಆರಿದ್ದರೆ? ಡೆನ್ಮಾರ್ಕಿನ ಗಣಿತಜ್ಞ ಸೊರೆನ್ ಐಲರ್ಸ್ ಲೆಕ್ಕ ಹಾಕಿ ತೋರಿಸಿದ ಸಂಖ್ಯೆ 91,51,03,765.

1963ರಲ್ಲಿ ಗಾಟ್‌ಫ್ರೆಡ್ ಕಂಪನಿಯ ಆಟಿಕೆಗಳಿಗೆ ಹತ್ತು ಸೂತ್ರಗಳನ್ನು ಹಾಕಿಕೊಟ್ಟ. ಅದರಲ್ಲಿ ಮೊದಲನೆಯದು, ಆಟದ ಸಾಧ್ಯತೆಗೆ ಮಿತಿ ಇರಬಾರದು ಎಂಬುದು. ಮುಂದಿನ ಇಕ್ಕಟ್ಟಿನ ಬೀಜ ಇಲ್ಲೇ ಇತ್ತು. ಮಿತಿಯಿಲ್ಲದ ಆಟಿಕೆ ಕೊಟ್ಟ ಮೇಲೆ, ಇದೊಂದನ್ನು ಮಾತ್ರ ಕಟ್ಟಬೇಡ ಎಂದು ಹೇಳುವುದು ಹೇಗೆ?

ಬಣ್ಣದಲ್ಲಿ ಎಳೆದ ಗೆರೆ

ಆರಂಭದ ದಶಕಗಳಲ್ಲಿ ಇಟ್ಟಿಗೆಗಳು ಮುಖ್ಯವಾಗಿ ಕೆಂಪು, ಹಳದಿ, ನೀಲಿ, ಬಿಳಿ, ಕಪ್ಪು ಬಣ್ಣದಲ್ಲಿ ಬರುತ್ತಿದ್ದವು. ಹಸಿರು ಮತ್ತು ಬೂದು ಇಟ್ಟಿಗೆ ಸಿಗುವುದು ಅಪರೂಪವಾಗಿತ್ತು. ಮಕ್ಕಳು ಟ್ಯಾಂಕು ಕಟ್ಟಿಬಿಟ್ಟಾರು ಎಂಬ ಅಳುಕಿನಿಂದಲೇ ಈ ಬಣ್ಣಗಳನ್ನು ದೂರವಿಡಲಾಗಿತ್ತು ಎಂದು ಲೆಗೊ ಚರಿತ್ರೆ ಬಲ್ಲವರು ಹೇಳುತ್ತಾರೆ. 1978ರಲ್ಲಿ ಬಂದ ಮೊದಲ ದೊಡ್ಡ ಕೋಟೆಯ ಕಲ್ಲುಗೋಡೆ ಅಚ್ಚ ಹಳದಿಯಾಗಿತ್ತು. ಬೂದು ಬಣ್ಣದ ಕೋಟೆಗಳು ಬಂದದ್ದು 1984ರಲ್ಲಿ.

ಆದರೆ ಆ ಹಳದಿ ಕೋಟೆಯ ಯೋಧರ ಕೈಯಲ್ಲೇ ಖಡ್ಗ, ಭರ್ಜಿಗಳಿದ್ದವು. 1989ರಲ್ಲಿ ಕಡಲ್ಗಳ್ಳರು ಬಂದರು, ಅವರೊಂದಿಗೆ ಪಿಸ್ತೂಲು, ಫಿರಂಗಿ ಬಂದವು. 1999ರಲ್ಲಿ ‘ಸ್ಟಾರ್ ವಾರ್ಸ್’ ಸಿನಿಮಾದ ಅಂತರಿಕ್ಷ ಯುದ್ಧನೌಕೆಗಳು ಬಂದವು. 2001ರಲ್ಲಿ ಮೊದಲ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸಾಪ್‌ವಿತ್ ಕ್ಯಾಮೆಲ್, 2002ರಲ್ಲಿ ಅದರ ಎದುರಾಳಿಯಾಗಿದ್ದ ಜರ್ಮನಿಯ ಕೆಂಪು ಫೋಕರ್ ವಿಮಾನ ಲೆಗೊ ಪೆಟ್ಟಿಗೆಯಲ್ಲೇ ಮಾರಾಟವಾದವು. ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸುಮಾರು ಶೇಕಡ 30ರಷ್ಟು ಲೆಗೊ ಪೆಟ್ಟಿಗೆಗಳಲ್ಲಿ ಯಾವುದಾದರೊಂದು ಆಯುಧದ ತುಂಡು ಇತ್ತು.

ಹಾಗಾದರೆ ಗೆರೆ ಎಲ್ಲಿದೆ? ಜಗತ್ತಿನ ಕದನಭೂಮಿಗಳ ಸುದ್ದಿಯಲ್ಲಿ ಮಕ್ಕಳು ಗುರುತಿಸಬಹುದಾದ ನೈಜ ಆಯುಧಗಳನ್ನೂ ಸೈನ್ಯದ ಸಲಕರಣೆಗಳನ್ನೂ ಮಾಡುವುದಿಲ್ಲ ಎಂದು 2010ರ ವಾರ್ಷಿಕ ವರದಿಯೊಂದರಲ್ಲಿ ಕಂಪನಿ ಹೇಳಿಕೊಂಡಿತು. ಅಂದರೆ, ಕತೆಯ ಯುದ್ಧವಾದರೆ ಆಗಬಹುದು, ನೂರು ವರ್ಷ ಹಳೆಯ ಯುದ್ಧವೂ ಆಗಬಹುದು, ಆದರೆ ಟಿವಿಯಲ್ಲಿ ಕಾಣುವ ಯುದ್ಧ ಬೇಡ. ಕ್ಯಾಮೆಲ್ ವಿಮಾನ ದಾಟಿದ ಗೆರೆಯನ್ನು ಆಸ್‌ಪ್ರೇ ದಾಟಲಾರದೆ ಹೋದದ್ದು ಇದರಿಂದಲೇ. ಈ ವ್ಯತ್ಯಾಸದಲ್ಲಿ ತರ್ಕವಿಲ್ಲ ಎನ್ನುವವರಿದ್ದಾರೆ. ಕತ್ತಿಯ ಏಟಿನಿಂದಲೂ ಜನ ಸತ್ತಿದ್ದಾರೆ ಎಂಬ ಅವರ ಮಾತು ಸುಳ್ಳಲ್ಲ. ಆದರೆ ಖಡ್ಗ ಹಿಡಿದ ಯೋಧನ ಗೊಂಬೆ ನೋಡಿ ನಡುಗುವ ಮಗು ಇಂದು ಸಿಗಲಾರದು. ಊರಿನ ಮೇಲೆ ಹಾರಿದ ಹೆಲಿಕಾಪ್ಟರಿನ ಆಟಿಕೆ ನೋಡಿ ನಡುಗುವ ಮಗು ಜಗತ್ತಿನ ಯಾವುದೋ ಮೂಲೆಯಲ್ಲಿ ಇದ್ದೇ ಇರುತ್ತದೆ.

ಟ್ಯಾಂಕು ಕಟ್ಟುವ ಲೆಕ್ಕ

ಕಂಪನಿ ಮಾಡದಿದ್ದರೇನು, ಇಟ್ಟಿಗೆ ಕೈಯಲ್ಲಿದ್ದವರು ತಾವೇ ಕಟ್ಟತೊಡಗಿದರು. ಇದು ಕಂಡಷ್ಟು ಸುಲಭದ ಕೆಲಸವಲ್ಲ. ಒಂದು ಉಬ್ಬಿನ ನಡುವಿನಿಂದ ಪಕ್ಕದ ಉಬ್ಬಿನ ನಡುವಿಗೆ 8 ಮಿಲಿಮೀಟರ್. ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್. ಅದರ ಮೂರನೆಯ ಒಂದು ಪಾಲು ದಪ್ಪದ ಬಿಲ್ಲೆಗಳೂ ಇವೆ, 3.2 ಮಿಲಿಮೀಟರಿನವು. ಇಡೀ ಕಟ್ಟಡ ಈ ಮೂರು ಅಳತೆಗಳಿಗೆ ಬದ್ಧ.

ಎರಡನೆಯ ಮಹಾಯುದ್ಧದ ಸೋವಿಯತ್ ಟ್ಯಾಂಕು ಟಿ-34ರ ಅಗಲ 3 ಮೀಟರ್. ಅದನ್ನು 35ನೆಯ ಒಂದು ಪಾಲಿಗೆ ಇಳಿಸಿದರೆ ಸುಮಾರು 86 ಮಿಲಿಮೀಟರ್, ಅಂದರೆ ಹತ್ತೂಮುಕ್ಕಾಲು ಉಬ್ಬು. ಮುಕ್ಕಾಲು ಉಬ್ಬಿನ ಇಟ್ಟಿಗೆ ಎಂಬುದಿಲ್ಲ. ಹತ್ತಕ್ಕೆ ಇಳಿಸಬೇಕೇ, ಹನ್ನೊಂದಕ್ಕೆ ಏರಿಸಬೇಕೇ ಎಂಬಲ್ಲಿಂದಲೇ ತಲೆನೋವು ಶುರು. ಇಲ್ಲಿ ಒಂದು ಗುಟ್ಟು ನೆರವಿಗೆ ಬರುತ್ತದೆ. ಐದು ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿದರೆ 16 ಮಿಲಿಮೀಟರ್, ಅದು ಸರಿಯಾಗಿ ಎರಡು ಉಬ್ಬಿನ ಅಗಲ. ಆದ್ದರಿಂದ ತುಂಡುಗಳನ್ನು ಅಡ್ಡ ಮಲಗಿಸಿ ಕೂರಿಸಿದರೆ ಉಳಿದವುಗಳೊಂದಿಗೆ ಹೊಂದಿಕೊಳ್ಳುತ್ತವೆ, ಮುಕ್ಕಾಲು ಅರ್ಧಗಳ ಲೆಕ್ಕವನ್ನೂ ಹತ್ತಿರ ಹತ್ತಿರ ತರಬಹುದು. ಅನುಭವಿಗಳು ಕಟ್ಟಿದ ಮಾದರಿಯಲ್ಲಿ ಅರ್ಧದಷ್ಟು ಇಟ್ಟಿಗೆಗಳು ಪಕ್ಕಕ್ಕೋ ತಲೆಕೆಳಗಾಗಿಯೋ ಕೂತಿರುವುದೂ ಉಂಟು.

ಹೀಗೆ ಕಟ್ಟುವಾಗ ಯಂತ್ರದ ಚರಿತ್ರೆಯೂ ಕೈಗೆ ತಾಕುತ್ತದೆ. ಜರ್ಮನಿಯ ಟೈಗರ್ ಟ್ಯಾಂಕನ್ನು ಇಟ್ಟಿಗೆಯಲ್ಲಿ ಕಟ್ಟುವುದು ಸುಲಭ, ಏಕೆಂದರೆ ಅದು ಪೆಟ್ಟಿಗೆಯಂತಿದೆ. ಮುಂಭಾಗದ 100 ಮಿಲಿಮೀಟರ್ ದಪ್ಪದ ಉಕ್ಕಿನ ಹಲಗೆಗಳು ಬಹುತೇಕ ನೆಟ್ಟಗೆ ನಿಂತಿವೆ. ಟಿ-34 ಹಾಗಲ್ಲ. ಅದರ ಮುಂಭಾಗದ ಉಕ್ಕು ಬರೀ 45 ಮಿಲಿಮೀಟರ್ ದಪ್ಪ, ಆದರೆ ನೆಟ್ಟನೆಯ ಗೆರೆಯಿಂದ 60 ಡಿಗ್ರಿ ಹಿಂದಕ್ಕೆ ಬಾಗಿದೆ. ನೇರವಾಗಿ ಬರುವ ಗುಂಡು ಓರೆಯಾಗಿ ತೂರಬೇಕಾದ್ದರಿಂದ ಎದುರಾಗುವ ದಪ್ಪ 90 ಮಿಲಿಮೀಟರ್ ಆಗುತ್ತದೆ. ಕಡಿಮೆ ಉಕ್ಕಿನಲ್ಲಿ ಹೆಚ್ಚು ರಕ್ಷಣೆ. 1941ರಲ್ಲಿ ಈ ಟ್ಯಾಂಕನ್ನು ಎದುರಿಸಿದ ಜರ್ಮನರು ತಮ್ಮ ಮುಂದಿನ ಪ್ಯಾಂಥರ್ ಟ್ಯಾಂಕಿಗೆ ಇಳಿಜಾರು ಕವಚವನ್ನೇ ಕೊಟ್ಟರು. ಆ ಇಳಿಜಾರನ್ನು ಚೌಕಾಕಾರದ ತುಂಡುಗಳಲ್ಲಿ ತರಲು ಕೀಲಿನ ಬಿಲ್ಲೆಗಳನ್ನು ಬಳಸಿ ಹೆಣಗಾಡಿದವನಿಗೆ, ಆ ಬಾಗು ಅಲ್ಲಿ ಏಕಿದೆ ಎಂಬ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ.

ವಿಮಾನದ ಕಷ್ಟ ಬೇರೆ. ಬ್ರಿಟನ್ನಿನ ಸ್ಪಿಟ್‌ಫೈರ್ ವಿಮಾನದ ರೆಕ್ಕೆಗಳ ಒಟ್ಟು ಹರವು 11.23 ಮೀಟರ್. ಅದೇ ಅಳತೆಗೆ ಇಳಿಸಿದರೆ 40 ಉಬ್ಬು. ಅಳತೆ ಸರಿಹೊಂದಿತು ಎನ್ನುವಷ್ಟರಲ್ಲಿ ಆ ರೆಕ್ಕೆಯ ಅಂಡಾಕಾರದ ಅಂಚು ಎದುರಾಗುತ್ತದೆ. ಇಟ್ಟಿಗೆಯಲ್ಲಿ ಆ ಅಂಚು ಮೆಟ್ಟಿಲಿನಂತೆ ಕಾಣುತ್ತದೆ. ರೆಕ್ಕೆಯನ್ನು ತೆಳುವಾಗಿ ಮಾಡಿದರೆ ಚಕ್ರ ಮಡಚಿಡಲು ಜಾಗ ಸಾಲದು, ದಪ್ಪ ಮಾಡಿದರೆ ವಿಮಾನ ಸ್ಪಿಟ್‌ಫೈರ್‌ನಂತೆ ಕಾಣದು. ಉದ್ದದ ರೆಕ್ಕೆ ಭಾರಕ್ಕೆ ಬಾಗದಿರಲು ಒಳಗೊಂದು ತೊಲೆ ಹಾಯಿಸಬೇಕು, ನಿಜವಾದ ವಿಮಾನದಲ್ಲಿ ಹಾಯಿಸಿದಂತೆಯೇ.

ಪೋಲೆಂಡಿನ ದಾರಿ

1958ರ ಪೇಟೆಂಟಿನ ಅವಧಿ ಮುಗಿದ ಮೇಲೆ ಇಟ್ಟಿಗೆಯ ಆಕಾರ ಯಾರ ಸ್ವತ್ತೂ ಆಗಿ ಉಳಿಯಲಿಲ್ಲ. ಅದನ್ನು ತನ್ನ ವ್ಯಾಪಾರ ಚಿಹ್ನೆಯಾಗಿ ಉಳಿಸಿಕೊಳ್ಳಲು ಲೆಗೊ ನ್ಯಾಯಾಲಯಗಳಿಗೆ ಹೋಯಿತು. ಕೆಲಸಕ್ಕೆ ಬರುವ ತಾಂತ್ರಿಕ ಆಕಾರವನ್ನು ಚಿಹ್ನೆಯೆಂದು ಹೇಳಿ ಎಂದೆಂದಿಗೂ ಕಾಯ್ದಿಡುವಂತಿಲ್ಲ ಎಂದು ಕೆನಡಾದ ಸುಪ್ರೀಂ ಕೋರ್ಟ್ 2005ರಲ್ಲಿ, ಯೂರೋಪಿನ ನ್ಯಾಯಾಲಯ 2010ರಲ್ಲಿ ತೀರ್ಪು ಕೊಟ್ಟವು. ಬೇರೆಯವನ ಇಟ್ಟಿಗೆಯಿಂದ ಹೊರಟ ಲೆಗೊದ ಇಟ್ಟಿಗೆ ಈಗ ಬೇರೆಯವರ ಪಾಲೂ ಆಯಿತು.

ಲೆಗೊ ಬೇಡವೆಂದು ಬಿಟ್ಟ ಜಾಗವನ್ನು ತುಂಬಲು ಹಲವರು ಕಾದಿದ್ದರು. ಅಮೆರಿಕದ ಮಿನಿಯಾಪೊಲಿಸ್ ನಗರದ ಬ್ರಿಕ್‌ಮೇನಿಯಾ ಲೆಗೊ ಇಟ್ಟಿಗೆಗಳನ್ನೇ ಆಯ್ದು ಟ್ಯಾಂಕಿನ ಪೆಟ್ಟಿಗೆಗಳನ್ನಾಗಿ ಮಾರಿತು. ಬ್ರಿಕ್‌ಆರ್ಮ್ಸ್ ಲೆಗೊ ಗೊಂಬೆಯ ಕೈಗೆ ಹಿಡಿಸುವ ಪುಟ್ಟ ಬಂದೂಕುಗಳನ್ನು ಅಚ್ಚು ಹಾಕಿತು. ಇವೆಲ್ಲಕ್ಕಿಂತ ದೊಡ್ಡದಾಗಿ ಬೆಳೆದದ್ದು 1987ರಲ್ಲಿ ಸ್ಥಾಪನೆಯಾದ ಪೋಲೆಂಡಿನ ಕೋಬಿ ಕಂಪನಿ. ಟೈಗರ್, ಟಿ-34, ಸ್ಪಿಟ್‌ಫೈರ್ ಎಲ್ಲವೂ ಅದರ ಪಟ್ಟಿಯಲ್ಲಿವೆ. 1939ರ ಸೆಪ್ಟೆಂಬರಿನಲ್ಲಿ ಜರ್ಮನ್ ದಾಳಿಯನ್ನು ಎದುರಿಸಿದ ಪೋಲೆಂಡಿನದೇ ಆದ 7ಟಿಪಿ ಟ್ಯಾಂಕು, ಪಿ.11 ಯುದ್ಧವಿಮಾನಗಳೂ ಇವೆ. ಇಂಗ್ಲೆಂಡಿನ ಬೋವಿಂಗ್‌ಟನ್ ಟ್ಯಾಂಕ್ ವಸ್ತುಸಂಗ್ರಹಾಲಯದ ಜೊತೆಗೂಡಿ ಅಲ್ಲಿರುವ ಟ್ಯಾಂಕುಗಳ ಮಾದರಿಗಳನ್ನೂ ಅದು ಹೊರತಂದಿದೆ. ಲೆಗೊ ಹಿಂತೆಗೆದುಕೊಂಡ ಆಸ್‌ಪ್ರೇ ಕೂಡ ಕೆಲವೇ ವರ್ಷಗಳಲ್ಲಿ ಕೋಬಿಯ ಪೆಟ್ಟಿಗೆಯಲ್ಲಿ ಬಂತು.

ಡೆನ್ಮಾರ್ಕ್, ಪೋಲೆಂಡ್ ಎರಡೂ ಜರ್ಮನ್ ಸೈನ್ಯದ ಬೂಟುಗಾಲಿನ ಕೆಳಗಿದ್ದ ದೇಶಗಳು. ಎರಡರ ಅನುಭವ ಮಾತ್ರ ಒಂದೇ ಅಲ್ಲ. ಡೆನ್ಮಾರ್ಕ್ ಕೆಲವೇ ಗಂಟೆಗಳಲ್ಲಿ ಶರಣಾಯಿತು. ಪೋಲೆಂಡ್ ಹೋರಾಡಿ ಸೋತಿತು. ಆ ಯುದ್ಧದಲ್ಲಿ ಸುಮಾರು 60 ಲಕ್ಷ ಪೋಲಿಷ್ ನಾಗರಿಕರು ಸತ್ತರು, ಅವರಲ್ಲಿ ಅರ್ಧದಷ್ಟು ಮಂದಿ ಯಹೂದ್ಯರು. ಅಲ್ಲಿ ಟ್ಯಾಂಕು, ವಿಮಾನಗಳ ಮಾದರಿ ಅಜ್ಜನ ಕಾಲದ ನೆನಪೂ ಹೌದು. ಪಿ.11 ವಿಮಾನ ಜರ್ಮನ್ ವಿಮಾನಗಳಿಗಿಂತ ನಿಧಾನ, ಆದರೂ ಅದನ್ನು ಹತ್ತಿ ಹೋದವರಿದ್ದರು ಎಂಬುದನ್ನು ಮಗು ಆಟದಲ್ಲೇ ತಿಳಿಯಲಿ ಎಂಬ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ.

ಆದರೆ ಈ ಇತಿಹಾಸದಲ್ಲಿ ಒಂದು ಖಾಲಿ ಜಾಗವಿದೆ. ಕೋಬಿಯ ಜರ್ಮನ್ ವಿಮಾನಗಳ ರೆಕ್ಕೆಯ ಮೇಲೆ ಕಪ್ಪು ಶಿಲುಬೆ ಇರುತ್ತದೆ, ಬಾಲದ ಮೇಲೆ ನಾಜಿಗಳ ಸ್ವಸ್ತಿಕ ಇರುವುದಿಲ್ಲ. ಜರ್ಮನಿಯಲ್ಲಿ ಆ ಚಿಹ್ನೆಗೆ ಕಾನೂನಿನ ನಿರ್ಬಂಧವಿದೆ. ಮಕ್ಕಳ ಕೈಗೆ ಅದನ್ನು ಕೊಡಲು ಯಾರಿಗೂ ಮನಸ್ಸಾಗದು. ಹೀಗೆ ಟೈಗರ್ ಟ್ಯಾಂಕಿನ ಚಕ್ರಗಳ ಸಾಲು, ಫಿರಂಗಿಯ ಉದ್ದ ಎಲ್ಲವೂ ಕರಾರುವಾಕ್ಕಾಗಿ ಮನೆಗೆ ಬರುತ್ತವೆ. ಅದು ಯಾರ ಪರವಾಗಿ, ಯಾವ ಕೆಲಸಕ್ಕಾಗಿ ಓಡಿತು ಎಂಬುದು ಇಟ್ಟಿಗೆಯಲ್ಲಿ ಬರುವುದಿಲ್ಲ.

ಯಾರಿಗೂ ಬೇಡವಾದ ಪೆಟ್ಟಿಗೆ

ಈ ಖಾಲಿ ಜಾಗಕ್ಕೆ ಬೊಟ್ಟಿಟ್ಟು ತೋರಿಸಿದವನೂ ಪೋಲೆಂಡಿನವನೇ. 1996ರಲ್ಲಿ ಜ್ಬಿಗ್ನಿಯೆವ್ ಲಿಬೆರಾ ಎಂಬ ಕಲಾವಿದ ಏಳು ಪೆಟ್ಟಿಗೆಗಳ ಒಂದು ಕಲಾಕೃತಿ ಮಾಡಿದ. ನೋಡಲು ಅಂಗಡಿಯಲ್ಲಿ ಸಿಗುವ ಲೆಗೊ ಪೆಟ್ಟಿಗೆಗಳಂತೆಯೇ ಇದ್ದವು. ಆದರೆ ಮೇಲಿನ ಚಿತ್ರದಲ್ಲಿದ್ದದ್ದು ನಾಜಿ ಯಾತನಾ ಶಿಬಿರ. ಸಾಲು ಸಾಲು ಕೊಟ್ಟಿಗೆಗಳು, ಬೇಲಿ, ಕಾವಲುಗಾರರು, ಅಸ್ಥಿಪಂಜರದ ಕೈದಿಗಳು. ಪೊಲೀಸ್ ಠಾಣೆ, ಆಸ್ಪತ್ರೆ ಮುಂತಾದ ಸಾಮಾನ್ಯ ಪೆಟ್ಟಿಗೆಗಳ ತುಂಡುಗಳನ್ನೇ ಹೆಚ್ಚಾಗಿ ಬಳಸಿ ಅವನ್ನು ಕಟ್ಟಲಾಗಿತ್ತು. ಆ ಇಟ್ಟಿಗೆಗಳನ್ನು ಲೆಗೊ ಕಂಪನಿಯೇ ಕಲಾವಿದನಿಗೆ ಕೊಟ್ಟಿತ್ತು, ಅವನು ಏನು ಕಟ್ಟುತ್ತಾನೆಂದು ತಿಳಿಯದೆ.

ಕಂಪನಿ ತೀವ್ರವಾಗಿ ಆಕ್ಷೇಪಿಸಿತು, ಕೊನೆಗೆ ವಿವಾದ ಮುಂದುವರಿಸದೆ ಬಿಟ್ಟಿತು. 1997ರಲ್ಲಿ ವೆನಿಸ್‌ನ ಕಲಾಪ್ರದರ್ಶನಕ್ಕೆ ಬಂದ ಆಹ್ವಾನದಲ್ಲಿ ಈ ಕೃತಿಯನ್ನು ಕೈಬಿಡುವಂತೆ ಕೇಳಿದಾಗ ಲಿಬೆರಾ ತಾನೇ ಹಿಂದೆ ಸರಿದ. ನರಮೇಧದಿಂದ ಬದುಕುಳಿದವರಲ್ಲಿ ಅನೇಕರಿಗೆ ಇದು ಗಾಯದ ಮೇಲೆ ಬರೆ ಎಳೆದಂತಿತ್ತು. 2002ರಲ್ಲಿ ನ್ಯೂಯಾರ್ಕಿನ ಯಹೂದಿ ವಸ್ತುಸಂಗ್ರಹಾಲಯ ಇದನ್ನು ಪ್ರದರ್ಶಿಸಿದಾಗಲೂ ಪ್ರತಿಭಟನೆ ಆಯಿತು. ಮುಂದೆ ವಾರ್ಸಾದ ಆಧುನಿಕ ಕಲಾ ವಸ್ತುಸಂಗ್ರಹಾಲಯ ಒಂದು ಪ್ರತಿಯನ್ನು ಕೊಂಡುಕೊಂಡಿತು.

ಲಿಬೆರಾನ ಪೆಟ್ಟಿಗೆಗಳನ್ನು ಮೆಚ್ಚಬೇಕಿಲ್ಲ. ಆದರೆ ಅವು ಎತ್ತಿದ ಮಾತು ಉಳಿಯುತ್ತದೆ. ಯಾತನಾ ಶಿಬಿರವನ್ನೂ ಯಾರೋ ನಕ್ಷೆ ಬರೆದು, ಅಳತೆ ಹಿಡಿದು, ತುಂಡು ತುಂಡಾಗಿ ಜೋಡಿಸಿ ಕಟ್ಟಿದ್ದರು. ಅಚ್ಚುಕಟ್ಟಾಗಿ ಕಟ್ಟುವ ಕೌಶಲಕ್ಕೆ ತನ್ನದೇ ಆದ ಒಳ್ಳೆಯದು ಕೆಟ್ಟದ್ದು ಇಲ್ಲ. ಇಟ್ಟಿಗೆಗೂ ಇಲ್ಲ.

ಗೆರೆಯ ಈಚೆ ಬದಿ

ಹಾಗೆಂದು ಲೆಗೊ ಎಳೆದ ಗೆರೆ ವ್ಯರ್ಥವೆನ್ನಲಾಗದು. ಅದು ಟ್ಯಾಂಕುಗಳನ್ನು ತಡೆಯಲಿಲ್ಲ, ನಿಜ. ಬೂದು, ಆಲಿವ್ ಹಸಿರು, ಮರಳಿನ ಬಣ್ಣದ ಇಟ್ಟಿಗೆಗಳನ್ನು ಈಗ ಕಂಪನಿಯೇ ಧಾರಾಳವಾಗಿ ಮಾಡುತ್ತದೆ, ಮನಸ್ಸು ಮಾಡಿದವರು ಅವುಗಳಲ್ಲಿ ಏನನ್ನಾದರೂ ಕಟ್ಟುತ್ತಾರೆ. ಆದರೂ ಮಾಡಿಕೊಟ್ಟ ಟ್ಯಾಂಕಿಗೂ ತಾನೇ ಕಟ್ಟಿದ ಟ್ಯಾಂಕಿಗೂ ವ್ಯತ್ಯಾಸವಿದೆ. ಪೆಟ್ಟಿಗೆಯ ಮೇಲೆ ಚಿತ್ರ ಹಾಕಿದವನು ಇದನ್ನು ಕಟ್ಟು ಎಂದು ಮಗುವಿಗೆ ಹೇಳುತ್ತಿರುತ್ತಾನೆ. ಚಿತ್ರವಿಲ್ಲದೆ ಕಟ್ಟಿದ ಮಗು ಟ್ಯಾಂಕನ್ನು ತಾನೇ ಆರಿಸಿಕೊಂಡಿರುತ್ತದೆ, ಏಕೆ ಎಂದು ಅದನ್ನು ಕೇಳಬಹುದು.

ಅಂಟು ಹಾಕಿ ಕೂಡಿಸುವ ಪ್ಲಾಸ್ಟಿಕ್ ಮಾದರಿ ಒಮ್ಮೆ ಟ್ಯಾಂಕಾದರೆ ಕೊನೆಯವರೆಗೂ ಟ್ಯಾಂಕೇ. ಇಟ್ಟಿಗೆಯ ಟ್ಯಾಂಕು ಹಾಗಲ್ಲ. ಭಾನುವಾರ ಬೆಳಿಗ್ಗೆ ಫಿರಂಗಿಯಾಗಿದ್ದ ಕೊಳವೆ ಸಂಜೆ ಮನೆಯ ಹೊಗೆಗೂಡಾಗಬಹುದು. ಆಗದೆಯೂ ಇರಬಹುದು. ಅದನ್ನು ತೀರ್ಮಾನಿಸುವುದು ಬಿಲುಂಡ್‌ನಲ್ಲಿ ಕೂತ ಕಂಪನಿಯೂ ಅಲ್ಲ, ಅದರ ವಾರ್ಷಿಕ ವರದಿಯೂ ಅಲ್ಲ. ಟೈಗರ್ ಟ್ಯಾಂಕು ಕಟ್ಟಿ ಮುಗಿಸಿದ ಹುಡುಗ ತಲೆಯೆತ್ತಿ, ನಿಜವಾದದ್ದು ಎಲ್ಲಿ ಓಡಾಡಿತ್ತು, ಅದರ ಎದುರು ಯಾರಿದ್ದರು ಎಂದು ಕೇಳಿದಾಗ ಪೆಟ್ಟಿಗೆಯೊಳಗಿನ ನಕ್ಷೆ ಉತ್ತರಿಸುವುದಿಲ್ಲ. ಉತ್ತರಿಸಬೇಕಾದವರು ಅದೇ ಕೋಣೆಯಲ್ಲಿ ಪತ್ರಿಕೆ ಓದುತ್ತ ಕೂತ ದೊಡ್ಡವರು.